ನಡುಹಗಲಿನ ಕುರಿ ಎಣಿಕೆ

ಮಾಳವ್ವನಿಗೆ ಎಂಬತ್ತು ಕುರಿಗಳಿದ್ದವು. ಒಂದೊಂದರ ಕಿವಿಗೂ ಗುರುತಿನ ಬಿಲ್ಲೆ. ಹಳೆಯ ಬಿಲ್ಲೆಯನ್ನು ಓದಬೇಕಾದರೆ ಕುರಿಯನ್ನು ಹಿಡಿದು, ಎಣಿಕೆಯ ಯಂತ್ರವನ್ನು ಕಿವಿಗೇ ತಾಗಿಸಬೇಕಿತ್ತು. ಹೊಸ ಬಿಲ್ಲೆಗೆ ಉಗುರಿನಷ್ಟು ಸೋಲಾರ್ ಪಟ್ಟಿ ಅಂಟಿಸಿದ್ದರು. ಬಿಸಿಲುಂಡ ಬಿಲ್ಲೆ ಐವತ್ತು ಹೆಜ್ಜೆ ದೂರದಿಂದಲೇ ಯಂತ್ರಕ್ಕೆ ಓಗೊಡುತ್ತಿತ್ತು.

ಎಷ್ಟು ಕುರಿ ಎಣಿಕೆಗೆ ಸಿಕ್ಕರೆ ಅಷ್ಟಕ್ಕೇ ಹುಲ್ಲುಗಾವಲಿನ ಪರವಾನಗಿ. ಎಣಿಸಲು ಬಂದ ಅಧಿಕಾರಿ ವಿರೂಪಣ್ಣ, ಬಿಸಿಲು ಹೆಚ್ಚಿದಷ್ಟೂ ಒಳ್ಳೆಯದೆಂದು ನಡುಹಗಲನ್ನೇ ಆರಿಸಿಕೊಂಡ. ಬೇವಿನ ನೆರಳಲ್ಲಿ ನಿಂತು ಯಂತ್ರ ಎತ್ತಿದ. ಅದು ಒಂಬತ್ತು ಸಲ ಕೂಗಿ ಸುಮ್ಮನಾಯಿತು.

“ಒಂಬತ್ತೇ ಇದಾವೆ ಅಮ್ಮ. ಸಹಿ ಹಾಕಿ,” ಎಂದ.

“ಎದುರಿಗೆ ಎಂಬತ್ತು ನಿಂತಾವ. ನಿಮಗ ಕಣ್ಣಿಲ್ಲೇನು?”

“ಕಣ್ಣಿನ ಲೆಕ್ಕ ನಡೆಯಲ್ಲ. ಯಂತ್ರ ಸುಳ್ಳು ಹೇಳಲ್ಲ.”

“ಸುಳ್ಳು ಹೇಳೂದಿಲ್ಲ ಖರೆ. ಕುರಿ ಸಂಗತಿ ಅದಕ್ಕ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಸುಡೂ ಹೊತ್ತಿನಾಗ ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ತೂರಿಸಿ ನಿಲ್ಲತಾವ. ಬಿಸಿಲು ಬೆನ್ನ ಮ್ಯಾಲ, ನಿಮ್ಮ ಬಿಲ್ಲಿ ನೆರಳಾಗ. ಹೆಂಗ ಮಾತಾಡೀತು ಅದು?”

“ಹಾಗಾದ್ರೆ ಚೆದುರಿಸಿ ಓಡಿಸಿ.”

“ಓಡಸೂದಿಲ್ಲ. ಈ ಬಿಸಿಲಾಗ ಗಬ್ಬದ ಕುರಿ ಓಡಿದ್ರ ಕಂದು ಹಾಕತಾವ, ಹೊಟ್ಟ್ಯಾಗಿನ ಮರಿ ಉಳಿಯೂದಿಲ್ಲ. ಹೊತ್ತು ಇಳೀಲಿ, ತಾವಾಗೇ ತಲಿ ಎತ್ತತಾವ.”

“ಅಲ್ಲೀವರೆಗೂ ಕಾಯೋಕೆ ನನಗೇನು ಬೇರೆ ಕೆಲಸ ಇಲ್ವಾ? ಸಹಿ ಮಾಡದಿದ್ರೆ ಸೊನ್ನೆ ಬರೀತೀನಿ. ಆ ಒಂಬತ್ತೂ ಹೋಗ್ತವೆ.”

ಪರವಾನಗಿ ಇಲ್ಲದಿದ್ದರೆ ನಾಳೆಯೇ ಹಿಂಡು ಬೇಲಿಯಾಚೆಗೆ, ಹುಲ್ಲಿಲ್ಲದ ಕಲ್ಲುಗುಡ್ಡಕ್ಕೆ. ಆದರೂ ಮಾಳವ್ವ ಬಡಿಗೆ ಊರಿ ಅಲ್ಲೇ ಕೂತಳು.

“ಬರೀರಿ. ಎಂಬತ್ತು ಕುರಿ ಮುಂದ ನಿಂತು ಸೊನ್ನಿ ಬರೆದೆ ಅಂತ ಅದರ ಕೆಳಗ ನಿಮ್ಮ ಹೆಸರೂ ಬರೀರಿ.”

ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಕೊನೆಗೆ ವಿರೂಪಣ್ಣ ಟೋಪಿಯನ್ನು ಮುಖಕ್ಕೆಳೆದುಕೊಂಡು ಬೇವಿನ ಬುಡಕ್ಕೆ ಒರಗಿದ.

ಬಿಸಿಲು ವಾಲಿತು. ಕುರಿಗಳು ಒಂದೊಂದಾಗಿ ತಲೆ ಹೊರತೆಗೆದು, ಕಿವಿ ಒದರಿ, ಮೇಯಲು ಚೆದುರಿದವು. ಯಂತ್ರ ಎಡೆಬಿಡದೆ ಕೂಗಿತು. ಎಂಬತ್ತು.

ವಿರೂಪಣ್ಣ ಹೊಸ ಹಾಳೆ ಚಾಚಿದ. ಆಕೆ ಪೆನ್ನು ಮುಟ್ಟಲಿಲ್ಲ.

“ಇನ್ನೇನಮ್ಮ?”

“ನಡುಹಗಲಾಗ ಕುರಿ ಎಣಿಸಬಾರದು ಅಂತ ಮ್ಯಾಲ ಬರೀರಿ. ನಾಳೆ ನೀವು ಹೋಗೂ ಹಟ್ಟಿಯವರು ನನ್ನಷ್ಟು ಮೊಂಡರು ಇರಲಿಕ್ಕಿಲ್ಲ.”

ಆತ ಬರೆದ. ಆಮೇಲೆ ಆಕೆ ಸಹಿ ಹಾಕಿದಳು.

ನೀತಿ: ದೂರದಿಂದ ಓದುವ ಯಂತ್ರ ಬಂದರೂ ಹತ್ತಿರದಿಂದ ಬಲ್ಲವರ ಮಾತು ಕೇಳಬೇಕು. ಕಣ್ಣೆದುರಿನ ನಿಜಕ್ಕೆ ಹೊಂದದ ಲೆಕ್ಕಕ್ಕೆ, ಯಾರು ಹೆದರಿಸಿದರೂ ಸಹಿ ಹಾಕಬಾರದು.