ಅಳತೆ ಹೇಳದ ಡಬ್ಬಿ

ಕೊಬ್ಬು ಕರಗಿಸುವ ಪುಡಿಯ ಡಬ್ಬಿಯೊಂದು ನಾಗವೇಣಿಯ ಅಡುಗೆಮನೆಗೆ ಬಂದು, ಕಪಾಟಿನ ಮುಂದಿನ ಸಾಲಿನಲ್ಲೇ ಕುಳಿತಿತು.

"ನಿನ್ನೊಳಗೆ ಏನೇನಿದೆ?" ಎಂದು ಮೀನು ಸಾರಿಗೆ ಹುಳಿ ಕೊಡುವ ಉಪ್ಪಾಗೆ ಹಣ್ಣಿನ ಒಣಸಿಪ್ಪೆ ಕೇಳಿತು.

"ಕಾಫಿ, ಕಾಳುಮೆಣಸು, ಉಪ್ಪಾಗೆ," ಎಂದಿತು ಡಬ್ಬಿ.

"ಅಂದರೆ ನಾವೇ. ಮೂವತ್ತು ವರ್ಷ ನಮ್ಮನ್ನು ತಿಂದರೂ ಅವಳ ಸೊಂಟ ಕರಗಲಿಲ್ಲ. ಯಾವುದು ಎಷ್ಟಿದೆ?"

"ಅದು ಕಂಪನಿಯ ಗುಟ್ಟು. ಅಡುಗೆ ಸಾಮಾನಿಗೆಲ್ಲ ಉತ್ತರ ಕೊಡಬೇಕಾಗಿಲ್ಲ."

"ಕೊಡಲೇಬೇಕು," ಎಂದಿತು ಕಾಫಿಪುಡಿ. "ಅವಳು ಈಗಲೇ ದಿನಕ್ಕೆ ಮೂರು ಲೋಟ ಕಾಫಿ ಕುಡಿಯುತ್ತಾಳೆ. ನಿನ್ನದೂ ಸೇರಿ ಎದೆ ಡವಡವ ಎಂದರೆ ಬೈಗುಳ ನನಗೆ."

ಡಬ್ಬಿ ನಕ್ಕಿತು. "ಅವಳು ನನ್ನನ್ನು ನಂಬಿದ್ದಾಳೆ."

ಮೂಲೆಯ ಉಪ್ಪಿನ ಭರಣಿ ಹೇಳಿತು: "ನನ್ನನ್ನು ಹುಟ್ಟಿದಾಗಿನಿಂದ ನಂಬಿದ್ದಾಳೆ. ಆದರೂ ನನ್ನ ಅಳತೆ ತಪ್ಪಿದ ದಿನ ಇಡೀ ಸಾರನ್ನೇ ಚೆಲ್ಲಿದ್ದಾಳೆ."