ಅಣ್ಣ ಸೋಸಿದ ಮಣ್ಣು

ಹೊಳೆಯ ದಂಡೆಯಲ್ಲಿ ಒಂದು ಗರಡಿಮನೆ. ಒಳಗೆ ಕುಸ್ತಿ ಆಡುವ ಕೆಂಪು ಮಣ್ಣು, ಗೋಡೆಯ ಗೂಡಿನಲ್ಲಿ ಹನುಮಪ್ಪ, ಅವನ ಪಕ್ಕ ಒಂದು ಗದೆ, ಬಾಗಿಲ ಬಳಿ ಮಣೆಯ ಮೇಲೆ ಗುರು ಲಿಂಗಾಜಟ್ಟಿ. ಆ ಗರಡಿಯ ಆಸ್ತಿ ಅಂದರೆ ಇಷ್ಟೇ.

ಅಲ್ಲಿ ಇಬ್ಬರು ಅಣ್ಣತಮ್ಮಂದಿರು ಸಾಮು ಮಾಡುತ್ತಿದ್ದರು. ದೊಡ್ಡವನು ಹೊನ್ನಪ್ಪ, ಚಿಕ್ಕವನು ಬೆಳ್ಳಿಯಪ್ಪ. ಹೆತ್ತವಳು ಚಿನ್ನ, ಬೆಳ್ಳಿ ಅಂತ ಹೆಸರಿಟ್ಟು ಸಾಕಿದ್ದಳು. ಕಾಯಿಲೆ ಮಾತ್ರ ಬೆಳ್ಳಿಯನ್ನು ಬಿಟ್ಟು ಚಿನ್ನವನ್ನೇ ಆರಿಸಿಕೊಂಡಿತು.

ಮೀಸೆ ದಪ್ಪವಾಗುವ ಹೊತ್ತಿಗೆ ಹೊನ್ನಪ್ಪನ ಕಾಲಿನ ಕಸುವು ಸೋರತೊಡಗಿತು. ನೆಲದಿಂದ ಏಳಬೇಕೆಂದರೆ ಮೊದಲು ಅಂಗೈ ಊರಬೇಕು. ಆಮೇಲೆ ಮೊಣಕಾಲು ಹಿಡಿಯಬೇಕು, ಆಮೇಲೆ ತೊಡೆ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ತಾನೇ ಹತ್ತಿದ ಹಾಗೆ.

ಅವನ ಸೋದರಮಾವನೂ ಹೀಗೆಯೇ ಏಳುತ್ತಿದ್ದನಂತೆ. ತಾಯಿಯ ಕಡೆಯಿಂದ ಬಂದದ್ದು. ಒಬ್ಬನನ್ನು ಹಿಡಿಯಿತು, ಒಬ್ಬನನ್ನು ಬಿಟ್ಟಿತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತಾರಲ್ಲ, ಅದು ಹೊಲ ಮನೆ ಇದ್ದವರ ಮಾತು. ಇವರಿಬ್ಬರ ನಡುವೆ ಇದ್ದದ್ದು ಒಂದು ಜೊತೆ ಕಾಲು. ಅದನ್ನು ಪಾಲು ಮಾಡುವ ಪಂಚಾಯ್ತಿ ಎಲ್ಲಿದೆ?

ಹೊನ್ನಪ್ಪ ಸುಮ್ಮನೆ ಕೂರಲಿಲ್ಲ. ಹಾಲು ಕುಡಿದ, ಬಾದಾಮಿ ಅರೆದು ತಿಂದ, ಮುದ್ದೆ ಮುಳುಗುವಷ್ಟು ತುಪ್ಪ ಸುರಿದುಕೊಂಡ. ತನ್ನ ಪಾಲು ಮುಗಿದ ಮೇಲೆ ತಮ್ಮನ ಬಟ್ಟಲು ನೋಡಿದ.

ಬೆಳ್ಳಿ ನಗುತ್ತಾ ಬಟ್ಟಲನ್ನು ಈ ಕಡೆ ಸರಿಸಿದ. "ತಗೋ ಅಣ್ಣಯ್ಯ. ನನಗೆ ಸೊಪ್ಪಿನ ಸಾರೇ ಸಾಕು."

ಆ ನಗುವೇ ಹೊನ್ನಪ್ಪನಿಗೆ ಉರಿ. ಕೊಡದೆ ಹೋಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ತಿಂದದ್ದು ಮೈಗೆ ಹತ್ತಿತು. ಮೊಣಕಾಲ ಕೆಳಗಿನ ಮೀನಖಂಡ ಗುಂಡುಕಲ್ಲಿನ ಹಾಗೆ ಉಬ್ಬಿತು. ಒಂದು ದಿನ ಗುರುವಿನ ಜೊತೆ ಹೋದಾಗ ದೋಣಿಗಟ್ಟೆಯಲ್ಲಿ ಬೆಲ್ಲದ ಮೂಟೆ ತೂಗುವ ದೊಡ್ಡ ತಕ್ಕಡಿ ಕಂಡಿತು. ಹೊನ್ನಪ್ಪ ಒಂದು ತಟ್ಟೆಯಲ್ಲಿ ಕೂತ. ಇನ್ನೊಂದರಲ್ಲಿ ತಮ್ಮನನ್ನು ಕೂರಿಸಿದ. ಮುಳ್ಳು ನಡುವೆ ನಿಂತಿತು.

"ನೋಡಿ ಗುರುಗಳೇ, ಸಮ ಇದ್ದೀವಿ! ಮೀನಖಂಡ ಅಂತೂ ಅವನದಕ್ಕಿಂತ ನನ್ನದೇ ದಪ್ಪ. ನನಗೂ ಒಬ್ಬ ಎದುರಾಳಿಯನ್ನ ಜೋಡಿ ಹಾಕಿ, ಕುಸ್ತಿಗೆ ಬಿಡಿ."

ಗುರು ಅವನ ಮೀನಖಂಡವನ್ನು ಒತ್ತಿ ನೋಡಿದರು.

"ಸರಿ. ಇಬ್ಬರೂ ಇಳೀರಿ."

ಬೆಳ್ಳಿ ಛಂಗನೆ ಇಳಿದ. ಹೊನ್ನಪ್ಪನ ತಟ್ಟೆ ದೊಪ್ಪನೆ ನೆಲಕ್ಕೆ ಕೂತಿತು. ಅವನು ಕೈ ಊರಿದ, ಮೊಣಕಾಲು ಹಿಡಿದ, ತೊಡೆ ಹಿಡಿದ. ತಕ್ಕಡಿ ಓಲಾಡಿತು. ಮತ್ತೆ ಕೂತುಬಿಟ್ಟ. ದೋಣಿಯವರು ಬೇರೆ ಕಡೆ ಮುಖ ತಿರುಗಿಸಿಕೊಂಡರು.

ಗುರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. "ಒಳಗಿನ ಮಾಂಸ ಕರಗ್ತಿದೆ ಮಗ. ಆ ಜಾಗಕ್ಕೆ ನೆಣ, ಬರೀ ಕೊಬ್ಬು, ಬಂದು ಕೂತಿದೆ. ನೀನು ತಿಂದ ತುಪ್ಪ ಹೊರೆ ಬೆಳೆಸ್ತು. ಹೊರೋ ಆಳನ್ನ ಬೆಳೆಸಲಿಲ್ಲ."

"ಒಂದೇ ಹೊಟ್ಟೆಯಲ್ಲಿ ಹುಟ್ಟಿದೋರು ಗುರುಗಳೇ. ನನಗೇ ಯಾಕೆ?"

ಗುರು ಅವನ ಮೊಣಕಾಲಿನ ಮೇಲೆ ಕೈ ಇಟ್ಟರು.

"ತುಪ್ಪ ಕಡಿಮೆ ಮಾಡು. ಬೆಳಗಾದರೆ ಎದೆಮಟ್ಟದ ನೀರಲ್ಲಿ ಓಡಾಡು. ನಿನ್ನ ಭಾರ ಒಂದಿಷ್ಟು ಹೊಳೆಯೂ ಹೊರಲಿ. ಸುಸ್ತಾಗೋಕೆ ಮುಂಚೆ ಎದ್ದು ಬಾ. ಬಂದು ಮಣ್ಣು ಸೋಸು."

"ಅದು ಕೂತು ಮಾಡೋ ಕೆಲಸ."

"ಹೌದು," ಅಂದರು ಗುರು. "ಕೂತು ಮಾಡೋ ಕೆಲಸ."

ಗರಡಿಯ ಮಣ್ಣು ಬೀದಿಯ ಮಣ್ಣಲ್ಲ. ಅದನ್ನು ಅಗೆದು, ಜರಡಿ ಹಿಡಿದು, ಎಣ್ಣೆ ಅರಿಶಿನ ಕಲಸಿ ಹದ ಮಾಡಬೇಕು. ಬರಿಮೈಯಲ್ಲಿ ಬೀಳುವ ಜಾಗ. ಒಂದು ಹರಳು ಉಳಿದರೂ ಮೂಳೆಗೆ ಕುತ್ತು. ಅದಕ್ಕೇ ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು: ಒಳಗೆ ಇಳಿಯುವವನು ಮೊದಲು ಮಣ್ಣಿಗೆ ಕೈ ಮುಗಿಯಬೇಕು, ಆಮೇಲೆ ಮಣ್ಣು ಸೋಸಿದವನಿಗೆ.

ಹೊನ್ನಪ್ಪ ಮಣ್ಣಿನ ಅಂಚಿನ ಕಟ್ಟೆಯ ಮೇಲೆ ಕೂತು ಜರಡಿ ಆಡಿಸುತ್ತಿದ್ದ. ಕೈ ಮಣ್ಣಿನ ಮೇಲೆ, ಕಣ್ಣು ತಮ್ಮನ ಮೇಲೆ. ಹೊಟ್ಟೆಕಿಚ್ಚಿನವನ ಕಣ್ಣು ನೋಡಿ, ಅದಕ್ಕೆ ರೆಪ್ಪೆ ಇರೋದಿಲ್ಲ. ಬೆಳ್ಳಿಯ ಉಸಿರು ಬಲ್ಲ, ಬೆವರು ಬಲ್ಲ. ಎದುರಾಳಿಯನ್ನು ಎತ್ತಿ ಹಾಕುವ ಮುಂಚೆ ಬೆಳ್ಳಿ ಉಸಿರು ಬಿಡುತ್ತಿದ್ದ. ಬಲ ಹೆಗಲು ಇಳಿಯುತ್ತಿತ್ತು. ಎಡ ಮಂಡಿ ಹೋಗಿ ಹನುಮಪ್ಪನ ದೀಪದ ನೇರಕ್ಕೆ ಊರುತ್ತಿತ್ತು. ಜೋಡಿ ಯಾರೇ ಆಗಲಿ, ಹೊರಳಿಸಿಕೊಂಡು ಬಂದು ಅದೇ ಜಾಗದಲ್ಲೇ ಊರುತ್ತಿದ್ದ. ಅದು ಬೆಳ್ಳಿಗೇ ಗೊತ್ತಿರಲಿಲ್ಲ.

ಒಂದು ಸಂಜೆ ಗುರು ಹೇಳಿದರು. "ನಾಳೆ ಆಚೆ ದಡದ ಗರಡಿಯವರು ಬರ್ತಾರೆ. ಬೆಳ್ಳಿ ಗೆದ್ದರೆ ನನ್ನ ಗದೆ ಅವನಿಗೆ."

ಆ ಗದೆಗೆ ಚಿಕ್ಕಂದಿನಿಂದ ಎಣ್ಣೆ ಸವರಿದವನು ಹೊನ್ನಪ್ಪ. ಅದನ್ನು ಹೆಗಲಿಗೆ ಏರಿಸುವವನು ಇನ್ನೊಬ್ಬ.

ಬೆಳಿಗ್ಗೆ ಮಣ್ಣು ಸೋಸಿದ. ಹೂವಿನ ಹಾಗೆ ಸೋಸಿದ. ದೀಪದ ನೇರಕ್ಕೆ ಬಂದಾಗ ಸೊಂಟದಿಂದ ಒಂದು ಹಂಚಿನ ಚೂರು ತೆಗೆದು, ಚೂಪು ಮೇಲೆ ಮಾಡಿ ಹೂತ.

ಒಂದು ಮಂಡಿ ಹೋಗಲಿ. ಒಂದೇ ಒಂದು. ಏಳೋಕೆ ಕೈ ಊರೋದು ಅಂದರೆ ಏನು ಅಂತ ಅವನಿಗೂ ತಿಳೀಲಿ.

ಜನ ಸೇರಿದರು. ಆಚೆ ದಡದ ಪೈಲ್ವಾನ ಮಣ್ಣಿಗಿಳಿದು ತೊಡೆ ತಟ್ಟಿದ.

"ಏನಯ್ಯ ಬೆಳ್ಳಿ, ಮಣ್ಣು ಹದವಾಗಿದೆಯೋ, ಕಲ್ಲುಗಿಲ್ಲು ಬಿಟ್ಟಿದ್ದೀರೋ?"

"ನಮ್ಮಣ್ಣ ಸೋಸಿದ ಮಣ್ಣು ಕಣಯ್ಯ, ತೊಟ್ಟಿಲ ಹಾಸಿಗೆ. ಧೈರ್ಯವಾಗಿ ಬೀಳು, ಜೋಗುಳ ನಾನು ಹಾಡ್ತೀನಿ."

ಜನ ಗೊಳ್ಳೆಂದರು. ಬೆಳ್ಳಿ ಬಗ್ಗಿ ಮಣ್ಣಿಗೆ ಕೈ ಮುಗಿದ. ಆಮೇಲೆ ಕಟ್ಟೆಯ ಬಳಿ ಬಂದು ಅಣ್ಣನ ಪಾದ ಮುಟ್ಟಿದ. ಕೈಗೆ ಹತ್ತಿದ್ದ ಮಣ್ಣನ್ನೇ ಹಣೆಗೆ ಹಚ್ಚಿಕೊಂಡ.

ಹೊನ್ನಪ್ಪನ ಕಣ್ಣು ದೀಪದ ನೇರಕ್ಕೆ ಹೋಯಿತು.

ಕುಸ್ತಿ ಹತ್ತಿತು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟರು, ಜಾರಿದರು, ಮತ್ತೆ ಹಿಡಿದರು. ತಿರುಗುತ್ತಾ ತಿರುಗುತ್ತಾ ದೀಪದ ನೇರಕ್ಕೆ ಬಂದರು. ಬೆಳ್ಳಿ ಉಸಿರು ಬಿಟ್ಟ.

"ಬೆಳ್ಳೀ, ಬೇಡ!" ಹೊನ್ನಪ್ಪ ಕೂಗಿದ.

ಅಣ್ಣ ಹುರಿದುಂಬಿಸುತ್ತಿದ್ದಾನೆ ಅಂದುಕೊಂಡ ಜನವೂ ಕೂಗಿತು. "ಬೆಳ್ಳೀ! ಬೆಳ್ಳೀ!" ಅವನ "ಬೇಡ" ಆ ಗದ್ದಲದಲ್ಲಿ ಮುಳುಗಿತು.

ಬಲ ಹೆಗಲು ಇಳಿಯಿತು. ಹೊನ್ನಪ್ಪ ಏಳಬೇಕು. ಕೈ, ಮೊಣಕಾಲು, ತೊಡೆ... ಅಷ್ಟು ಹೊತ್ತು ಎಲ್ಲಿದೆ? ಅವನು ಏಳಲೇ ಇಲ್ಲ. ಕಟ್ಟೆಯಿಂದ ಮೂಟೆಯ ಹಾಗೆ ಉರುಳಿದ. ಉರುಳುತ್ತಾ ಹೋಗಿ ಆ ಜಾಗದ ಮೇಲೆ ಅಂಗೈ ಚಾಚಿದ. ತಮ್ಮನ ಮಂಡಿ ಬಂದು ಅದರ ಮೇಲೆ ಕೂತಿತು.

ಹಿಡಿತ ಬಿಟ್ಟು ಇಬ್ಬರು ಪೈಲ್ವಾನರೂ ಪಕ್ಕಕ್ಕೆ ಸರಿದರು.

"ಅಣ್ಣಯ್ಯ! ಹುಚ್ಚು ಹಿಡೀತೇನೋ ನಿನಗೆ?"

ಬೆಳ್ಳಿ ಆ ಕೈ ಎತ್ತಿದ. ಅಂಗೈಯಲ್ಲಿ ಹಂಚಿನ ಚೂರು ನೆಟ್ಟಿತ್ತು. ಚೂರನ್ನು ನೋಡಿದ. ಹೂವಿನ ಹಾಗೆ ಸೋಸಿದ್ದ ಮಣ್ಣನ್ನು ನೋಡಿದ. ಕೊನೆಗೆ ಅಣ್ಣನ ಮುಖ ನೋಡಿದ. ಚೂರು ಕಿತ್ತು ಎಸೆದು, ಯಾರೋ ಕೊಟ್ಟ ವಲ್ಲಿಯಿಂದ ಗಾಯ ಕಟ್ಟಿದ. ಕಟ್ಟಿ, ಹೊಳೆಯ ಕಡೆ ಎದ್ದು ಹೋದ.

ಅವತ್ತು ಕುಸ್ತಿ ನಿಂತಿತು. ಗದೆ ಗೂಡಿನಲ್ಲೇ ಉಳಿಯಿತು. ಜನ ಕರಗಿದರು.

ಹೊನ್ನಪ್ಪ ಮಣ್ಣಿನಲ್ಲೇ ಕೂತಿದ್ದ. ಗುರು ಮಣೆಯಿಂದ ಎದ್ದು ಬಂದು ಎದುರು ಕೂತರು.

"ನನ್ನನ್ನ ಹೊರಗೆ ಹಾಕಿ ಗುರುಗಳೇ. ಚೂರು ಹೂತವನು ನಾನೇ."

"ಗೊತ್ತಾಯ್ತು."

"ಅವನ ಕಾಲು ನೋಡಿ ನೋಡಿ ನನ್ನ ಹೊಟ್ಟೆ ಉರೀತಿತ್ತು."

"ಅದು ಮೊದಲೇ ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕೈಗೆ ಜರಡಿ ಕೊಟ್ರಾ? ಎಲ್ಲ ಗೊತ್ತಿದ್ದ ಮೇಲೆ ನಿಮಗೆ ಗೊತ್ತಿಲ್ಲದ್ದು ಇನ್ನೇನಿದೆ?"

ಗುರು ಮೂಲೆಯಲ್ಲಿದ್ದ ಜರಡಿಯನ್ನು ಎಳೆದುಕೊಂಡರು. ಗಾಯವಾಗದ ಕೈಗೆ ಅದನ್ನು ಕೊಟ್ಟರು.

"ಬೆಳ್ಳಿಯ ಮಂಡಿ ಎಲ್ಲಿ ಬೀಳುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅದನ್ನ ಕಂಡವನೂ ನೀನೇ, ಅದರಡಿ ಅಂಗೈ ಇಟ್ಟವನೂ ನೀನೇ. ನಾಳೆ ಮಣ್ಣು ಸೋಸೋಕೆ ನಿನ್ನ ಬಿಟ್ಟು ಇನ್ಯಾರನ್ನ ಹುಡುಕಲಿ?"