ಬಟ್ಟೆ ಸುತ್ತಿದ ಮಂಡಿ

ನದಿ ಬಾಗುವ ಕಡೆ ಒಂದು ಮಠವಿತ್ತು. ಬೇಸಿಗೆಯಲ್ಲಿ ನೀರು ಬತ್ತಿದಾಗ ಕೆಳಗಿನ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರು ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಮೇಲೆಲ್ಲೋ ಅಕಾಲದ ಮಳೆಯಾಗಿ ಕೆಂಪು ನೀರು ನುಗ್ಗಿದರೆ ಅದು ಮೊದಲು ಕಾಣುವುದು ಮಠದ ಬಂಡೆಯ ಮೇಲೆ ನಿಂತವನಿಗೆ. ಅವನು ಓಡಿಹೋಗಿ ಮರಳಿನವರನ್ನು ಎಚ್ಚರಿಸಬೇಕು. ಮಠದಲ್ಲಿ ಪೂಜೆ ತಪ್ಪಿದರೂ ನಡೆಯುತ್ತಿತ್ತು, ಈ ಕೆಲಸ ತಪ್ಪುವಂತಿರಲಿಲ್ಲ.

ಓಡುತ್ತಿದ್ದ ಹಿರಿಯ ಶಿಷ್ಯ ತೀರಿಕೊಂಡ ಮೇಲೆ ಕಲ್ಲಿನಾಥನೆಂಬ ಶಿಷ್ಯ ಆ ಕೆಲಸವನ್ನು ಕೇಳಿ ಪಡೆದ. ಅಲ್ಲಿಯವರೆಗೆ ಅವನು ಓಡಿದವನೇ ಅಲ್ಲ. ಕೂತು ಓದುವವನು, ಊಟದ ಗಂಟೆ ಹೊಡೆದಾಗ ಮಾತ್ರ ಚುರುಕಾಗಿ ನಡೆಯುವವನು. ಆದರೂ ಹುರುಪಿಗೇನೂ ಕಡಿಮೆ ಇರಲಿಲ್ಲ. ಬೆಳಕು ಹರಿಯುತ್ತಲೇ ದಂಡೆಗುಂಟ ಓಡತೊಡಗಿದ.

ಸ್ವಲ್ಪ ದಿನಕ್ಕೇ ಬಲಗಾಲಿನ ಮಂಡಿ ಕೈಕೊಟ್ಟಿತು.

ನೋವು ಅಂಥದ್ದೇನಿರಲಿಲ್ಲ. ಇಳಿಜಾರಿನಲ್ಲಿ ಕಾಲೂರಿದಾಗ ಮಂಡಿ ಒಳಗಡೆ ಜಾರಿದಂತಾಗುತ್ತಿತ್ತು. ಕೆಳಗೆ ಕಾಲೇ ಇಲ್ಲವೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು.

ಹೇಳಿಕೊಂಡರೆ ಕೆಲಸ ಬೇರೆಯವರ ಪಾಲಾಗುತ್ತದೆ. ಕಲ್ಲಿನಾಥ ಹಳೆಯ ಧೋತರವೊಂದನ್ನು ಹರಿದು ಮಂಡಿಗೆ ಬಿಗಿಯಾಗಿ ಸುತ್ತಿದ. ಮೇಲೆ ಬಟ್ಟೆ ಇಳಿಬಿಟ್ಟು ಏನೂ ಆಗದವನಂತೆ ತಿರುಗಾಡಿಕೊಂಡಿದ್ದ.

ಮರಳಿನವರಲ್ಲಿ ದ್ಯಾಮವ್ವ ಎಂಬ ಮುದುಕಿಯೊಬ್ಬಳಿದ್ದಳು. ಇವನು ಏದುಸಿರು ಬಿಡುತ್ತಾ ಬಂದು ನಿಂತರೆ ಹಣ್ಣು ಕೊಯ್ದು ಕೊಡುತ್ತಿದ್ದಳು. ಒಮ್ಮೆ ಯಾಕೆ ಕುಂಟುತ್ತೀಯೆಂದು ಕೇಳಿದಳು. ಮುಳ್ಳು ಚುಚ್ಚಿದೆ ಅಂದುಬಿಟ್ಟ. ಅವಳು ಅವನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಂಜಾದ ಕಣ್ಣಿಗೆ ಹತ್ತಿರ ಹಿಡಿದು, ಇಲ್ಲದ ಮುಳ್ಳನ್ನು ಬಹಳ ಹೊತ್ತು ಹುಡುಕಿದಳು.

ಒಂದು ಮಧ್ಯಾಹ್ನ ಕೆಂಪು ನೀರು ಬಂತು.

ಬಂಡೆಯ ಮೇಲಿದ್ದ ಕಲ್ಲಿನಾಥ ಕಂಡ ಕೂಡಲೇ ಓಡಿದ. ದಂಡೆಯಿಂದ ಮರಳಿಗೆ ಇಳಿಯುವಲ್ಲಿ ಮಂಡಿ ಕುಸಿಯಿತು. ಬಿದ್ದ. ಎದ್ದು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಮತ್ತೆ ಬಿದ್ದ. ತೆವಳುತ್ತಾ ಕೂಗಿಕೊಂಡ, ಎದುರುಗಾಳಿಗೆ ಕೂಗು ಮುಂದೆ ಹೋಗಲಿಲ್ಲ. ದಂಡೆಯ ಹತ್ತಿರವಿದ್ದವರು ನೀರಿನ ಸದ್ದು ಕೇಳಿ ಹೇಗೋ ಮೇಲೆ ಹತ್ತಿಕೊಂಡರು. ದ್ಯಾಮವ್ವನ ಗುಡಿಸಲು ನಡುಮರಳಿನಲ್ಲಿತ್ತು. ಉಂಡು ಮಲಗಿದ್ದಳು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಕಲ್ಲಿನಾಥ ಊಟಕ್ಕೆ ಕೂರಲಿಲ್ಲ. ಬದುಕಿರುವುದೇ ನಾಚಿಕೆ ಅನ್ನಿಸಿತು. ಮಠದ ಗುರುವನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಕೂತಿದ್ದ ಕಟ್ಟೆಯ ಮುಂದೆ ಹೋಗಿ ನಿಂತ.

"ಅಜ್ಜಾರ, ಇಲ್ಲಿರೋ ಯೋಗ್ಯತಾ ನನಗಿಲ್ಲ. ನನ್ನ ಕಳಿಸಿಬಿಡ್ರಿ."

ಅಜ್ಜಾರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಧೋತರ ಸರಿಸಿ ಮಂಡಿಯ ಬಟ್ಟೆ ಬಿಚ್ಚಿದರು. ಮಂಡಿ ಊದಿಕೊಂಡಿತ್ತು. ಅದನ್ನು ಬಿಟ್ಟು, ಮೇಲಿನ ತೊಡೆಯನ್ನು ಒತ್ತಿ ನೋಡಿದರು.

"ಈ ಒಂದ ಕಾಲ ಮ್ಯಾಲ ನಿಲ್ಲು."

ಕಲ್ಲಿನಾಥ ನಿಂತ. ಸೊಂಟ ಒಂದು ಕಡೆ ವಾಲಿತು, ಕಾಲು ಗಡಗಡ ನಡುಗಿತು. ಬೀಳುವಷ್ಟರಲ್ಲಿ ಅಜ್ಜಾರು ಭುಜ ಕೊಟ್ಟರು.

"ಮಂಡೀದು ತಪ್ಪಿಲ್ಲೋ ತಮ್ಮಾ. ತೊಡಿ ಸೊರಗೈತಿ, ಟೊಂಕದಾಗ ಬಲ ಇಲ್ಲ. ನಡುವ ಸಿಕ್ಕ ಮಂಡಿ ಏನ ಮಾಡೀತು?"

ಬಾವು ಇಳಿಯುವವರೆಗೆ ಸುಮ್ಮನಿರಬೇಕು. ಆಮೇಲೆ ದಿನವೂ ಗೋಡೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲಬೇಕು, ಮೆಟ್ಟಿಲನ್ನು ನಿಧಾನವಾಗಿ ಇಳಿಯಬೇಕು, ನಡಿಗೆ ಗಟ್ಟಿಯಾದ ಮೇಲೆಯೇ ಓಟ. ಬರುವ ಬೇಸಿಗೆಯೊಳಗೆ ಕಾಲು ಮಾತು ಕೇಳುತ್ತದೆ ಎಂದರು ಅಜ್ಜಾರು.

ಇಷ್ಟೇನಾ? ವಾಸಿಯಾಗದ ರೋಗವಾಗಿದ್ದರೆ ಹಣೆಬರಹ ಅಂದುಕೊಳ್ಳಬಹುದಿತ್ತು. ಗೋಡೆ ಹಿಡಿದು ನಿಂತರೆ ಹೋಗುವ ದೋಷಕ್ಕೆ ಒಂದು ಜೀವ ಹೋಯಿತು. ಕಲ್ಲಿನಾಥ ಮುಖ ಮುಚ್ಚಿಕೊಂಡು ಅತ್ತ.

"ಮೊದಲ ಬಾಯಿ ಬಿಟ್ಟಿದ್ರ ಆಕಿ ಉಳೀತಿದ್ಲು."

"ಹೌದು" ಅಂದರು ಅಜ್ಜಾರು. ಸಮಾಧಾನದ ಮಾತೊಂದನ್ನೂ ಸೇರಿಸಲಿಲ್ಲ.

ಅದು ಕಲ್ಲಿನಾಥನನ್ನು ಕೆರಳಿಸಿತು. ಗುರುವಿನ ಮುಂದೆ ಎಂದೂ ಏರಿಸದ ದನಿ ಏರಿತು.

"ಕಣ್ಣ ಕಾಣದ ಮುದುಕಿಗೆ ನಾ ಕುಂಟೋದು ಗೊತ್ತಾತು. ಇಷ್ಟ ಮಂದಿ ಇರೋ ಮಠದಾಗ ಯಾರಿಗೂ ಕಾಣಲಿಲ್ಲೇನ್ರಿ?"

ಅಜ್ಜಾರು ಬಿಚ್ಚಿದ ಬಟ್ಟೆಯನ್ನು ಮಡಚತೊಡಗಿದರು. ಅರ್ಧಕ್ಕೇ ಅದನ್ನು ಪಕ್ಕಕ್ಕಿಟ್ಟು ಶಿಷ್ಯನ ಕಡೆ ನೋಡಿದರು.

"ನನಗ ಕಂಡಿತ್ತೋ ತಮ್ಮಾ. ನೀನಾಗೇ ಬಂದು ಹೇಳಲಿ, ಅದರಾಗ ನಿನಗೊಂದು ಪಾಠ ಆಗಲಿ ಅಂತ ಕಾಯ್ಕೋಂತ ಕುಂತೆ."